ಕೆಂಚಯ್ಯನ ಮಗಳು ನಿಂತ ಜಾಗ

‘ಹೋಗ್ಲಿ ಬಿಡೇ ಕೃಷ್ಣಿ, ಏನೋ ಒಂದು ಸರ್ಕಾರಿ ಕೆಲ್ಸ ಸಿಕ್ತಲ್ಲ ಅವ್ಳಿಗೆ’ ಎಂದು ಬಣಕಲ್ಲಿನ ನನ್ನ ಹೊಲಿಗೆ ಅಂಗಡಿಯಲ್ಲಿ ಕೂತು ಯಾರಾದರೂ ಹೇಳಿದರೆ, ಕೈಯಲ್ಲಿರುವ ಕತ್ತರಿಯನ್ನು ಎಸೆದುಬಿಡೋಣ ಅನ್ನಿಸುತ್ತದೆ. ಎಸೆಯುವುದಿಲ್ಲ. ಗಿರಾಕಿಗಳು ಬೇಕಲ್ಲ. ಆದರೆ ಹಾಗೆ ಹೇಳಿದವರ ರವಿಕೆ ಸ್ವಲ್ಪ ಬಿಗಿಯಾಗಿಯೇ ತಯಾರಾಗುತ್ತದೆ.

ಅವರು ಹೇಳುವುದು ಪ್ರೇಮಲತಾಳ ವಿಷಯ. ಕಳಸದಿಂದ ಮೂಡಿಗೆರೆ ಮೇಲೆ ಚಿಕ್ಕಮಗಳೂರಿಗೆ ಹೋಗುವ ಸರ್ಕಾರಿ ಬಸ್ಸಿನಲ್ಲಿ ಅವಳೀಗ ಕಂಡಕ್ಟರ್. ಖಾಕಿ ತೊಟ್ಟು, ಚರ್ಮದ ಚೀಲ ನೇತುಹಾಕಿಕೊಂಡು, ತಿರುವುಗಳಲ್ಲಿ ಬಸ್ಸು ಎಷ್ಟೇ ಓಲಾಡಿದರೂ ಕಂಬಿ ಹಿಡಿಯದೆ ಮೊಣಕಾಲು ಬಗ್ಗಿಸಿ ನಿಂತಿರುತ್ತಾಳೆ. ಟಿಕೆಟ್ ಕೇಳುವಾಗ ಯಾರಾದರೂ ಸರಿ, ನೆಟ್ಟಗೆ ಮುಖ ನೋಡಿ ಕೇಳುತ್ತಾಳೆ. ಕೆಲವರಿಗೆ ಅದು ಹಿಡಿಸುವುದಿಲ್ಲ. ‘ಎಂತ ಹಾಗ್ ನೋಡ್ತಾಳಪ್ಪ ಈ ಹೆಂಗ್ಸು’ ಎಂದು ಗೊಣಗುತ್ತಾರೆ. ಗೊಣಗಲಿ. ಆ ನೋಟ ಅವಳಿಗೆ ಬಿಟ್ಟಿ ಬಂದದ್ದಲ್ಲ.

ಅವಳು ಆಗಬೇಕಾಗಿದ್ದು ಆಟದ ಟೀಚರ್. ಕೊರಳಿಗೆ ಸೀಟಿ ಹಾಕಿಕೊಂಡು ಮೈದಾನದಲ್ಲಿ ಹೆಣ್ಣುಮಕ್ಕಳನ್ನು ಓಡಿಸಬೇಕಾಗಿತ್ತು. ಸೀಟಿಯೇನೋ ಬಂದಿದೆ, ಆದರೆ ಅದು ಬಸ್ಸು ನಿಲ್ಲಿಸುವ ಸೀಟಿ. ಇದನ್ನು ನೆನೆದರೆ ಈಗಲೂ ನನ್ನ ಹೊಟ್ಟೆ ಉರಿಯುತ್ತದೆ. ಏಳು ವರ್ಷ ಆಯಿತಲ್ಲ, ಇನ್ನೂ ಎಂತದಕ್ಕೆ ಉರಿ ಎಂದು ನನ್ನ ಗಂಡ ಕೇಳುತ್ತಾನೆ. ಅವನಿಗೆ ಏನು ಗೊತ್ತು? ಅವನು ಆ ದಿನ ಆ ಕಣದಲ್ಲಿ ಇರಲಿಲ್ಲ.

ಪ್ರೇಮಲತಾ, ನಮ್ಮೆಲ್ಲರ ಬಾಯಲ್ಲಿ ಪ್ರೇಮಿ, ಹುಟ್ಟಿದ್ದು ಬಾಳೂರಿನ ಮೇಲಿನ ಹೊನ್ನೆಗುಡ್ಡೆ ಕಾಫಿ ಎಸ್ಟೇಟಿನ ಆಳುಗಳ ಲೈನ್ ಮನೆಯಲ್ಲಿ. ಅಪ್ಪ ಕೆಂಚಯ್ಯ ನೆರಳಿನ ಮರ ಹತ್ತಿ ಕೊಂಬೆ ಕಡಿಯುವ, ಮರಗಸಿ ಮಾಡುವ ಆಳು. ಅವ್ವ ಅಂಜನಮ್ಮ ಕಾಫಿ ಹಣ್ಣು ಕೊಯ್ಯುವವಳು. ನಾನು ಪಕ್ಕದ ಎಸ್ಟೇಟಿನವಳು. ನಮ್ಮ ಧಣಿ ಯಾರೆಂದು ನಾವು ಸರಿಯಾಗಿ ಕಂಡವರೇ ಅಲ್ಲ, ಅವರು ಮಂಗಳೂರಿನಲ್ಲಿ ಇದ್ದುಬಿಟ್ಟಿದ್ದರು, ಎಲ್ಲ ಲೆಕ್ಕ ಬರೆಯುವ ರೈಟರ್ ಕೈಯಲ್ಲಿತ್ತು. ರೈಟರ್‌ಗೆ ನಾವು ಹೆದರುತ್ತಿರಲಿಲ್ಲ, ಹಿಂದಿನಿಂದ ಅಣಕಿಸುತ್ತಿದ್ದೆವು. ಪ್ರೇಮಿಯ ಧಣಿ ಹಾಗಲ್ಲ. ರವಿಶಂಕರ್ ಅವರು ಎಸ್ಟೇಟಿನಲ್ಲೇ ಬಂಗಲೆ ಕಟ್ಟಿಕೊಂಡು ಇದ್ದವರು, ದಿನಾ ಬೆಳಿಗ್ಗೆ ತೋಟ ಸುತ್ತುವವರು. ಮೆತ್ತಗೆ ಮಾತಾಡುವ ಮನುಷ್ಯ. ಆಳುಗಳಿಗೆ ಬೈದದ್ದನ್ನು ಯಾರೂ ಕೇಳಿಲ್ಲ. ನನಗೆ ಸಿಟ್ಟು ಬರುವುದೇ ಅದಕ್ಕೆ. ಬೈಯುವವರಾಗಿದ್ದರೆ ತಿರುಗಿ ಬೈದು ಹೊಟ್ಟೆ ತಣ್ಣಗೆ ಮಾಡಿಕೊಳ್ಳಬಹುದಿತ್ತು.

ನಾವಿಬ್ಬರೂ ಪಿಯುಸಿಗೆ ಒಂದೇ ಕಾಲೇಜಿಗೆ ಸೇರಿದೆವು. ಅಲ್ಲಿ ಆಟದ ಮೇಷ್ಟ್ರು ಗಂಗಾಧರಪ್ಪನವರು. ಕಡೂರಿನ ಕಡೆಯವರು, ಬಯಲುಸೀಮೆಯ ದೊಡ್ಡ ಗಂಟಲು. ಹಿಂದಿನ ವರ್ಷ ಅವರ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ತಂಡ ಚಿಕ್ಕಮಗಳೂರಿನ ಒಂದು ಕಾಲೇಜಿನ ಎದುರು ಮಣ್ಣು ಮುಕ್ಕಿತ್ತು. ಆ ಕಾಲೇಜಿನ ಮುಂಚೂಣಿ ಆಟಗಾರ್ತಿ ವಂದನಾ. ಚೆಂಡನ್ನು ತಂದವಳೂ ಅವಳೇ, ದಾಟಿಸಿದವಳೂ ಅವಳೇ, ಹಾಕಿದವಳೂ ಅವಳೇ. ಉಳಿದ ನಾಲ್ವರು ಸುಮ್ಮನೆ ಜೊತೆಗೆ ಓಡುತ್ತಿದ್ದರು. ಈ ವಂದನಾ ಬೇರೆ ಯಾರೂ ಅಲ್ಲ, ಹೊನ್ನೆಗುಡ್ಡೆಯ ರವಿಶಂಕರ್ ಅವರ ಮಗಳು.

ಮೇಷ್ಟ್ರು ಆ ಸೋಲನ್ನು ಮರೆಯಲಿಲ್ಲ. ನಮ್ಮನ್ನೆಲ್ಲ ಮೈದಾನದಲ್ಲಿ ಕೂರಿಸಿ ಹೇಳಿದರು: ‘ನೋಡ್ರವ್ವಾ, ಎಲ್ರೂ ಚೆಂಡು ಹಾಕೋರ್ನ ಹುಡುಕ್ತಾರೆ. ನಮ್ಮತ್ರ ಹಾಕೋರಿಲ್ಲ, ಇಲ್ದಿದ್ಕೆ ಅತ್ಕೊಂಡು ಕೂತ್ರೆ ಆಗಲ್ಲ. ನಾನು ಈ ಸಲ ತಡಿಯೋರ್ನ ಆರಿಸ್ತೀನಿ. ಆ ಒಬ್ಳನ್ನ ತಡುದ್ರೆ ಆ ತಂಡವೇ ಇಲ್ಲ.’

ಇಡೀ ತಂಡವನ್ನು ಆ ಒಬ್ಬಳಿಗಾಗಿ ಕಟ್ಟಿದರು. ಪ್ರೇಮಿಯನ್ನು ಆರಿಸಿದ್ದು ಅವಳ ಆಟ ನೋಡಿ ಅಲ್ಲ, ಅವಳಿಗೆ ಆಟವೇ ಗೊತ್ತಿರಲಿಲ್ಲ. ಕಾಲೇಜಿನ ಹಿಂದಿನ ಗುಡ್ಡದ ಒಳದಾರಿಯಲ್ಲಿ ಅವಳು ಜಾರು ಮಣ್ಣಿನ ಮೇಲೆ ಇಳಿದು ಬರುವುದನ್ನು ನೋಡಿದ್ದರಂತೆ. ನಮ್ಮ ಕಡೆ ಇಳಿಜಾರಿನ ತೋಟದಲ್ಲಿ ಮೂಟೆ ಹೊತ್ತವರು ನೇರ ಇಳಿಯುವುದಿಲ್ಲ. ಮೊಣಕಾಲು ಬಗ್ಗಿಸಿ, ಅಡ್ಡಡ್ಡ ಹೆಜ್ಜೆ ಇಟ್ಟು, ಒಂದು ಕಾಲನ್ನು ಇನ್ನೊಂದರ ಮೇಲೆ ಹಾಯಿಸದೆ ಇಳಿಯುತ್ತಾರೆ. ಎದುರಾಳಿಯನ್ನು ತಡೆಯುವ ನಡಿಗೆಯೂ ಅದೇ. ಬೇರೆಯವರಿಗೆ ಅದನ್ನು ಕಲಿಸಲು ಮೇಷ್ಟ್ರ ಗಂಟಲು ಹರಿದುಹೋಗುತ್ತಿತ್ತು, ಇವಳಿಗೆ ಹುಟ್ಟಿನಿಂದ ಬಂದಿತ್ತು.

ಪ್ರೇಮಿಯನ್ನು ಎಲ್ಲರ ಮುಂದೆ ನಿಲ್ಲಿಸಿದರು. ಅವಳ ಹಿಂದೆ ನಾನು. ಜಗಳಗಂಟಿ ಅಂತಲೇ ನನ್ನನ್ನು ಆರಿಸಿದ್ದು, ಸುಳ್ಳು ಯಾಕೆ ಹೇಳಲಿ. ಬುಟ್ಟಿಯ ಕೆಳಗೆ ಶಾಲೆ ಮೇಷ್ಟ್ರ ಮಗಳು ಪಂಚಮಿ, ತೆಂಗಿನ ಮರದ ಹಾಗೆ ಎತ್ತರ. ಪ್ರೇಮಿ ತಡೆಯಬೇಕು, ನಾನು ಕಿತ್ತುಕೊಳ್ಳಬೇಕು, ಪಂಚಮಿ ದೇವರ ಮೇಲೆ ಭಾರ ಹಾಕಿ ಎಸೆಯಬೇಕು. ನಾವು ಗೆದ್ದ ಪಂದ್ಯಗಳ ಬೆರಳೆಣಿಕೆಯ ಅಂಕ ಕೇಳಿ ಜನ ‘ಇದೆಂತದೇ, ಹಾಕಿ ಆಡಿದ್ರಾ?’ ಎನ್ನುತ್ತಿದ್ದರು. ನಗಲಿ, ಗೆಲ್ಲುತ್ತಿದ್ದೆವಲ್ಲ.

ಮೇಷ್ಟ್ರು ಎರಡು ಪಾಠವನ್ನು ನಮ್ಮ ತಲೆಗೆ ಬಡಿದಿದ್ದರು. ಒಂದು, ‘ಮುಖ ನೋಡ್ಬೇಡಿ, ಮುಖ ಸುಳ್ಳು ಹೇಳುತ್ತೆ. ಸೊಂಟ ನೋಡಿ.’ ಇನ್ನೊಂದು, ‘ನೀವು ಮೊದ್ಲೇ ಹೋಗಿ ಅಲ್ಲಾಡ್ದೆ ನಿಂತಿದ್ರೆ, ಅವರು ಬಂದು ನಿಮ್ಮ ಎದೆಗೆ ಗುದ್ದಿದ್ರೆ, ತಪ್ಪು ಅವರ್ದು. ಗುದ್ದಿಸ್ಕೊಳ್ಳಿ, ಬೀಳಿ, ಪರ್ವಾಗಿಲ್ಲ. ಜಾಗ ಬಿಡ್ಬೇಡಿ.’ ದಿನಾ ಸಂಜೆ ನಾನು ಓಡಿ ಬಂದು ಪ್ರೇಮಿಗೆ ಗುದ್ದುತ್ತಿದ್ದೆ. ಅವಳು ಬೀಳುತ್ತಿದ್ದಳು, ಏಳುತ್ತಿದ್ದಳು, ಮತ್ತೆ ಅಲ್ಲೇ ನಿಲ್ಲುತ್ತಿದ್ದಳು. ಒಂದು ಸಲವೂ ಪಕ್ಕಕ್ಕೆ ಸರಿದವಳಲ್ಲ.

ಮಗಳನ್ನು ಆಡಲು ಬಿಡಿ ಎಂದು ಕೇಳಲು ಮೇಷ್ಟ್ರು ಒಂದು ಭಾನುವಾರ ಲೈನಿಗೆ ಬಂದಿದ್ದರು. ನಾನೇ ಕರೆದುಕೊಂಡು ಹೋಗಿದ್ದೆ. ದಾರಿಯಲ್ಲೇ ಕೆಂಚಯ್ಯ, ಅಂಜನಮ್ಮ, ಪ್ರೇಮಿ ಸೌದೆ ಹೊತ್ತು ಎದುರಾದರು. ಮಾತು ಶುರುವಾಗುವ ಹೊತ್ತಿಗೆ ರವಿಶಂಕರ್ ಅವರು ನಾಯಿ ಜೊತೆ ನಡೆದು ಬಂದರು. ಮೂವರೂ ಸೌದೆ ಹೊತ್ತುಕೊಂಡೇ ದಾರಿಯ ಕೆಳಬದಿಯ ಚರಂಡಿಗೆ ಇಳಿದು ತಲೆ ತಗ್ಗಿಸಿ ನಿಂತರು. ಆ ಎಸ್ಟೇಟಿನ ಪದ್ಧತಿ ಅದು. ಧಣಿ ಮನೆಯವರು ಯಾರೇ ಬರಲಿ, ಎದುರಿನವರು ಕೆಳಬದಿಗೆ ಇಳಿಯಬೇಕು, ಮುಖ ನೋಡಬಾರದು. ಹಾಗಂತ ಯಾರೂ ಬೋರ್ಡು ಹಾಕಿರಲಿಲ್ಲ. ನಡೆಯಲು ಕಲಿಯುವ ಮಗುವಿಗೆ ಅವ್ವ ಕೈಹಿಡಿದು ಇಳಿಸುತ್ತಾಳೆ, ಅಲ್ಲಿಗೆ ಮುಗಿಯಿತು. ಮೇಷ್ಟ್ರು ಬಯಲುಸೀಮೆಯವರು, ಇವರು ನಾಯಿಗೆ ಹೆದರಿ ಇಳಿದರು ಅಂದುಕೊಂಡರು.

ಧಣಿ ಹೋದ ಮೇಲೆ ಮೇಷ್ಟ್ರು ವಿಷಯ ಬಿಡಿಸಿ ಹೇಳಿದರು. ದಸರಾ ಕಳೆದ ಮೇಲೆ, ಕೊಯ್ಲಿಗೆ ಮೊದಲು, ರವಿಶಂಕರ್ ಅವರು ತಮ್ಮ ತಂದೆಯ ನೆನಪಿಗೆ ಪಂದ್ಯ ಇಟ್ಟಿದ್ದಾರೆ. ಜಿಲ್ಲಾ ತಂಡಕ್ಕೆ ಆರಿಸುವವರು ಬರುತ್ತಾರೆ. ಪ್ರೇಮಿ ಅಲ್ಲಿ ವಂದನಾಳನ್ನು ತಡೆದು ತೋರಿಸಿದರೆ ಜಿಲ್ಲಾ ತಂಡ ಸಿಗುತ್ತದೆ. ಅದರ ಸರ್ಟಿಫಿಕೇಟು ಇದ್ದರೆ ಆಟದ ಟೀಚರ್ ಆಗುವ ತರಬೇತಿಗೆ ಸೀಟು ಖಂಡಿತ. ಇಲ್ಲದಿದ್ದರೆ ಪಿಯುಸಿ ಮುಗಿದ ಮರುದಿನ ಹಣ್ಣು ಕೊಯ್ಯುವ ಬುಟ್ಟಿ.

ಕೆಂಚಯ್ಯ ಸೌದೆ ಇಳಿಸದೆಯೇ ಕೇಳಿದ. ‘ಸಣ್ಣಮ್ಮಾವ್ರ ಎದ್ರು ಆಡದಾ, ಸಾರ್?’

‘ಹೌದಪ್ಪ. ಆಟ ತಾನೇ?’

‘ಬಡವನ ಕೋಪ ದವಡೆಗೆ ಮೂಲ ಅಂತಾರೆ ಸಾರ್.’

‘ಕೋಪ ಎಲ್ಲಿ ಬಂತು ಇದ್ರಲ್ಲಿ? ಆಟ ಕಣಯ್ಯ!’

ಕೆಂಚಯ್ಯ ಮಗಳನ್ನು ನೋಡಿದ. ಅವಳ ಅವ್ವ ‘ಆಡ್ಲಿ ಬಿಡಿ. ನನ್ ಬೆನ್ನು ಬಗ್ಗಿದ್ದು ಸಾಕು’ ಎಂದಳು.

ಪಂದ್ಯ ನಡೆದದ್ದು ಹೊನ್ನೆಗುಡ್ಡೆಯ ಕಾಫಿ ಒಣಗಿಸುವ ಸಿಮೆಂಟು ಕಣದಲ್ಲಿ. ಮಗಳ ಅಭ್ಯಾಸಕ್ಕೆಂದು ಧಣಿ ಅಲ್ಲಿ ಎರಡೂ ತುದಿಗೆ ಕಂಬ ಹೂಳಿ ಬುಟ್ಟಿ ಕಟ್ಟಿಸಿದ್ದರು. ಮಳೆನೀರು ಹರಿಯಲೆಂದು ಕಣ ಒಂದು ಬದಿಗೆ ಸ್ವಲ್ಪ ವಾಲಿತ್ತು. ಮೇಲಿನ ಬದಿಗೆ ಶಾಮಿಯಾನ, ಅದರ ಕೆಳಗೆ ಕುರ್ಚಿಗಳಲ್ಲಿ ಧಣಿ, ಅವರ ಹೆಂಡತಿ, ಜಿಲ್ಲಾ ತಂಡಕ್ಕೆ ಆರಿಸಲು ಬಂದವರು. ಕೆಳಗಿನ ಬದಿಯ ಹುಲ್ಲಿನ ಮೇಲೆ ಲೈನಿನ ಜನ, ಕೆಂಚಯ್ಯನೂ ಇದ್ದ. ಸೀಟಿ ಊದುವ ತೀರ್ಪುಗಾರ ಮಧ್ಯಾಹ್ನ ಬಂಗಲೆಯಲ್ಲಿ ಕೋಳಿಸಾರು ಉಂಡು ಬಂದಿದ್ದ. ಉಣ್ಣಲಿ, ನನಗೇನು. ಆದರೆ ಉಂಡ ಮನೆಗೆ ಎಷ್ಟು ನಿಯತ್ತು ಅಂತ ಆಮೇಲೆ ನೋಡಿದೆವಲ್ಲ!

ಆಟ ಶುರುವಾಯಿತು. ವಂದನಾ ಚೆಂಡು ಪುಟಿಸುತ್ತ ಬಂದಳು. ಪ್ರೇಮಿ ಮೊಣಕಾಲು ಬಗ್ಗಿಸಿ ಅಡ್ಡ ನಿಂತಳು, ಸೊಂಟ ನೋಡಿದಳು, ಎಲ್ಲ ಸರಿಯಾಗಿತ್ತು. ವಂದನಾ ಹತ್ತಿರ ಬಂದದ್ದೇ ತಡ, ಪ್ರೇಮಿ ಪಕ್ಕಕ್ಕೆ ಸರಿದಳು. ಕಣದ ಕೆಳಬದಿಗೆ. ಬಾಗಿಲು ತೆಗೆದ ಹಾಗಾಯಿತು. ವಂದನಾ ಹೋಗಿ ಬುಟ್ಟಿಗೆ ಹಾಕಿದಳು.

‘ಏನಮ್ಮಿ ಅದು!’ ಎಂದು ಮೇಷ್ಟ್ರು ಕೂಗಿದರು.

ಎರಡನೇ ಸಲವೂ ಹಾಗೇ. ಮೂರನೇ ಸಲವೂ ಹಾಗೇ. ನಾನು ಓಡಿ ಹೋಗಿ ತಡೆಯಲು ನೋಡಿದರೆ ಸೀಟಿ. ಶಾಮಿಯಾನದಲ್ಲಿ ಚಪ್ಪಾಳೆ. ಧಣಿಯ ಹೆಂಡತಿ ‘ಎಷ್ಟು ಒಳ್ಳೆ ಹುಡ್ಗಿ ನೋಡಿ, ಒಂಚೂರೂ ಒರಟಿಲ್ಲ’ ಎಂದದ್ದು ನನ್ನ ಕಿವಿಗೇ ಬಿತ್ತು. ತಿಂಗಳುಗಟ್ಟಲೆ ನಾನು ಗುದ್ದಿದ್ದು ಇದಕ್ಕಾ?

ಅರ್ಧ ಆಟ ಮುಗಿದಾಗ ಮೇಷ್ಟ್ರು ಕೈಯಲ್ಲಿದ್ದ ಟವೆಲನ್ನು ನೆಲಕ್ಕೆ ಬಡಿದರು. ‘ಹೆದ್ರಿಕೆನಾ? ಹೇಳು! ಹೆದ್ರಿಕೆ ಇದ್ರೆ ಮೊದ್ಲೇ ಹೇಳ್ಬೇಕಿತ್ತು!’

‘ಹೆದ್ರಿಕೆ ಇಲ್ಲ ಸಾರ್’ ಎಂದಳು ಪ್ರೇಮಿ. ಅಳುತ್ತಿದ್ದಳು. ‘ನಿಲ್ಲಣ ಅಂತ್ಲೇ ಇರ್ತೀನಿ. ಅವ್ರ ಬೂಟು ಕಂಡ ಕೂಡ್ಲೇ ಕಾಲು ಸರಿದ್ಬಿಡುತ್ತೆ. ಎಂತಕ್ಕೆ ಅಂತ ಗೊತ್ತಿಲ್ಲ.’

ಅವಳಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಾಯಿತು. ಆ ಸೌದೆ, ಆ ಚರಂಡಿ, ಆ ನಾಯಿ ಎಲ್ಲ ಕಣ್ಣ ಮುಂದೆ ಬಂತು. ‘ಸಾರ್, ಇವ್ಳು ಹುಟ್ಟಿದಾಗ್ನಿಂದ ತಲೆ ತಗ್ಸಿ ಕೆಳಗೆ ಇಳ್ದಿದಾಳೆ. ನೀವು ಬೇರೆ ಮುಖ ನೋಡ್ಬೇಡ ಅಂತ ಹೇಳ್ಕೊಟ್ಟಿದೀರಿ!’ ಎಂದು ಮೇಷ್ಟ್ರ ಮೇಲೇ ರೇಗಿದೆ. ಅವರು ಬಗ್ಗಿ ಟವೆಲನ್ನು ಎತ್ತಿಕೊಂಡರು. ಅವರಿಗೂ ಆ ಭಾನುವಾರ ನೆನಪಾಗಿರಬೇಕು.

ನಾನು ಪ್ರೇಮಿಯ ಗಲ್ಲ ಹಿಡಿದು ಎತ್ತಿದೆ. ‘ಏ ಮಾರಾಯ್ತಿ, ಸೊಂಟನೂ ಬ್ಯಾಡ, ಬೂಟೂ ಬ್ಯಾಡ. ಅವ್ಳ ಮುಖ ನೋಡು. ಕಣ್ಣಲ್ಲಿ ಕಣ್ಣಿಟ್ಟು ನೋಡು. ಮುಖ ಕಂಡಿದೀಯಾ ಅವ್ಳದ್ದು ಯಾವತ್ತಾದ್ರೂ?’

‘ಇಲ್ಲ ಕಣೇ’ ಎಂದಳು.

ಒಂದೇ ಎಸ್ಟೇಟು, ಹೆಚ್ಚುಕಮ್ಮಿ ಒಂದೇ ವಯಸ್ಸು. ಹುಟ್ಟಿದಾಗಿನಿಂದ ಎದುರೆದುರು ಓಡಾಡಿದ್ದಾರೆ. ಒಬ್ಬಳು ಇನ್ನೊಬ್ಬಳ ಮುಖ ನೋಡಿಲ್ಲ! ಥೂ, ಇದೆಂಥ ಮರ್ಯಾದೆ?

ಮತ್ತೆ ಆಟ ಶುರುವಾಯಿತು. ವಂದನಾ ಬಂದಳು. ಪ್ರೇಮಿ ತಲೆ ಎತ್ತಿ ಅವಳ ಮುಖ ನೋಡಿದಳು. ಕಾಲು ಒಮ್ಮೆ ಕೆಳಬದಿಗೆ ಎಳೆದದ್ದು ನನಗೆ ಕಂಡಿತು. ಸರಿಯಲಿಲ್ಲ. ವಂದನಾ ಎಡಕ್ಕೆ ಹೋದಳು, ಪ್ರೇಮಿ ಎಡಕ್ಕೆ ಬಂದಳು. ಬಲಕ್ಕೆ ಹೋದಳು, ಅಲ್ಲೂ ಇವಳೇ. ಗಲಿಬಿಲಿಯಾಗಿ ಚೆಂಡು ಕೈತಪ್ಪಿತು. ನಾನು ಕಿತ್ತುಕೊಂಡು ಪಂಚಮಿಗೆ ಎಸೆದೆ. ಅವಳು ಕಣ್ಣು ಮುಚ್ಚಿಕೊಂಡು ಎಸೆದದ್ದು ಒಳಗೆ ಬಿತ್ತು!

ಲೈನಿನ ಜನ ಹೋ ಎಂದರು. ಅವರ ನಡುವಿನಿಂದಲೇ ಇನ್ನೊಂದು ದನಿ ಬಂತು. ‘ತಲೆ ತಗ್ಸೇ! ಪ್ರೇಮೀ, ತಲೆ ತಗ್ಸು!’ ಕೆಂಚಯ್ಯ ಎದ್ದು ನಿಂತು ಕೈಮುಗಿದುಕೊಂಡು ಕೂಗುತ್ತಿದ್ದ. ಸ್ವಂತ ಅಪ್ಪ! ನನಗೆ ಹೋಗಿ ಅವನ ಬಾಯಿ ಮುಚ್ಚಬೇಕು ಅನ್ನಿಸಿತು. ಪ್ರೇಮಿ ಅಪ್ಪನ ಕಡೆ ತಿರುಗಲೂ ಇಲ್ಲ. ಅವಳ ಕಣ್ಣು ವಂದನಾಳ ಮುಖದ ಮೇಲೇ ಇತ್ತು.

ನಾವು ಹತ್ತಿರ ಹತ್ತಿರ ಬಂದೆವು. ಕೊನೆಗೆ ಒಂದು ಅಂಕ ಮುಂದೆಯೂ ಹೋದೆವು. ಇನ್ನೇನು ಮುಗಿಯಬೇಕು, ವಂದನಾ ಚೆಂಡು ಹಿಡಿದು ಸಿಟ್ಟಿನಿಂದ ನುಗ್ಗಿದಳು. ಪ್ರೇಮಿ ಅವಳಿಗಿಂತ ಮೊದಲೇ ಹೋಗಿ ಬುಟ್ಟಿಯ ಮುಂದೆ ಎರಡು ಕಾಲೂರಿ ನಿಂತಿದ್ದಳು. ಕೈ ಎದೆಗೆ ಕಟ್ಟಿಕೊಂಡಿದ್ದಳು. ವಂದನಾಳ ಭುಜ ಬಂದು ಅವಳ ಎದೆಗೆ ಬಡಿಯಿತು. ಪ್ರೇಮಿ ಅಂಗಾತ ಸಿಮೆಂಟಿನ ಮೇಲೆ ಬಿದ್ದಳು, ಮೊಣಕೈ ಸುಲಿದು ರಕ್ತ ಬಂತು. ಸೀಟಿ ಕೇಳಿಸಿತು. ನಾವು ಕುಣಿದೆವು. ನಿಂತವಳಿಗೆ ಗುದ್ದಿದರೆ ತಪ್ಪು ಗುದ್ದಿದವಳದು, ಮೇಷ್ಟ್ರು ಹೇಳಿದ ಎರಡನೇ ಪಾಠ.

ತೀರ್ಪುಗಾರ ಒಮ್ಮೆ ಶಾಮಿಯಾನದ ಕಡೆ ನೋಡಿದ. ಕೈ ಎತ್ತಿ ಪ್ರೇಮಿಯನ್ನು ತೋರಿಸಿದ. ತಪ್ಪು ಇವಳದಂತೆ! ವಂದನಾಳಿಗೆ ಯಾರೂ ಅಡ್ಡ ಬಾರದ ಎರಡು ಬಿಡಿ ಎಸೆತವಂತೆ!

ಗಂಗಾಧರಪ್ಪನವರ ಗಂಟಲು ಬಾಳೂರಿನವರೆಗೂ ಕೇಳಿಸಿರಬೇಕು. ನಾನು ತೀರ್ಪುಗಾರನಿಗೆ ಏನೆಂದು ಬೈದೆ ಎಂದು ಇಲ್ಲಿ ಬರೆಯಲು ಬರುವುದಿಲ್ಲ. ವಂದನಾ ಮಾತ್ರ ಮೆಲ್ಲಗೆ ‘ಸರ್, ಅದು ನನ್ನ ತಪ್ಪು ಅನ್ಸುತ್ತೆ’ ಎಂದಳು. ನಿಜ, ಅಂದಳು, ನಾನು ಕೇಳಿದ್ದೇನೆ. ಮೇಲಿನಿಂದ ಧಣಿ ‘ಆಡು ಪುಟ್ಟಾ’ ಎಂದರು. ಅವಳು ಗೆರೆಯ ಹತ್ತಿರ ಹೋಗಿ ಎರಡನ್ನೂ ಹಾಕಿದಳು. ಅವಳು ಒಳ್ಳೆಯವಳು ಎಂದು ಈಗಲೂ ಜನ ನನಗೆ ಹೇಳಿಕೊಡಲು ಬರುತ್ತಾರೆ. ಒಂದು ಸಲ ಹೇಳಿ ಮನಸ್ಸು ಹಗುರ ಮಾಡಿಕೊಂಡು ಎರಡನ್ನೂ ಹಾಕಿದ ಒಳ್ಳೆಯತನ ಯಾರಿಗೆ ಬೇಕು?

ಸೋತೆವು. ಆರಿಸುವವರು ವಂದನಾಳ ಹೆಸರು ಓದಿದರು. ಪ್ರೇಮಿಯ ಹೆಸರಿಲ್ಲ. ಮೇಷ್ಟ್ರು ಹೋಗಿ ಕೇಳಿದ್ದಕ್ಕೆ ‘ಆ ಹುಡುಗಿ ಒಂದು ಅಂಕವನ್ನೂ ಹೊಡೆದಿಲ್ಲವಲ್ಲ ಸ್ವಾಮಿ’ ಎಂದರಂತೆ. ಹಾಕುವವಳನ್ನು ತಡೆದದ್ದು ಅಂಕವಲ್ಲವಂತೆ. ಅಲ್ಲಿಗೆ ಸರ್ಟಿಫಿಕೇಟು ಹೋಯಿತು, ಸೀಟು ಹೋಯಿತು. ಆಮೇಲೆ ಪ್ರೇಮಿ ನಾಲ್ಕು ಕೊಯ್ಲು ಹಣ್ಣು ಕೊಯ್ದಳು, ಕಂಡಕ್ಟರ್ ಕೆಲಸ ಬರುವವರೆಗೆ. ‘ಏನೋ ಒಂದು ಕೆಲಸ’ ಎನ್ನುವವರಿಗೆ ಈ ನಾಲ್ಕು ಕೊಯ್ಲು ಲೆಕ್ಕಕ್ಕಿಲ್ಲ.

ಆ ದಿನ ಇನ್ನೂ ಮುಗಿದಿರಲಿಲ್ಲ. ಮೈಕಿನಲ್ಲಿ ಪ್ರೇಮಿಯ ಹೆಸರು ಕೂಗಿದರು. ಶಿಸ್ತಿನ ಆಟಗಾರ್ತಿ ಬಹುಮಾನ, ಒಂದು ಸ್ಟೀಲ್ ಟಿಫನ್ ಡಬ್ಬಿ. ಕೊಡುವವರು ಧಣಿಯ ಹೆಂಡತಿ. ‘ಮೊದ್ಲು ಎಷ್ಟು ಚೆನ್ನಾಗಿ ಆಡ್ತಿದ್ಳು ಈ ಹುಡ್ಗಿ’ ಎಂದು ಮೈಕಿನಲ್ಲೇ ಹೇಳಿದರು. ಸರಿದು ಕೊಟ್ಟಿದ್ದಕ್ಕೆ ಬಹುಮಾನ!

ಕಣದಿಂದ ಶಾಮಿಯಾನಕ್ಕೆ ಹತ್ತಲು ಒಂದು ಕಿರಿದಾದ ಮಣ್ಣಿನ ದಾರಿ, ಒಂದು ಬದಿಗೆ ಗೋಡೆಯ ಹಾಗೆ ನಿಂತ ಮಣ್ಣಿನ ದರೆ, ಇನ್ನೊಂದು ಬದಿಗೆ ಕೆಸರಿನ ಚರಂಡಿ. ಪ್ರೇಮಿ ಹತ್ತತೊಡಗಿದಳು. ಮೊಣಕೈಯಿಂದ ಇನ್ನೂ ರಕ್ತ ಸೋರುತ್ತಿತ್ತು. ಅದೇ ಹೊತ್ತಿಗೆ ರವಿಶಂಕರ್ ಅವರು ಗೆದ್ದ ತಂಡದ ಜೊತೆ ಫೋಟೋಕ್ಕೆ ನಿಲ್ಲಲು ಕೆಳಗೆ ಇಳಿದು ಬಂದರು. ದಾರಿಯ ನಡುವೆ ಎದುರಾದರು.

ಪ್ರೇಮಿ ನಿಂತಳು. ತಲೆ ಎತ್ತಿ ಧಣಿಯ ಮುಖ ನೋಡಿದಳು. ಸರಿಯಲಿಲ್ಲ.

ಧಣಿಗೆ ಏನು ಮಾಡಬೇಕೆಂದು ತೋಚಲಿಲ್ಲ. ಆ ದಾರಿಯಲ್ಲಿ ಅವರಿಗೆ ಯಾವತ್ತೂ ಹಾಗಾಗಿರಲಿಲ್ಲ. ಕೆಂಚಯ್ಯ ಹುಲ್ಲಿನಿಂದ ಎದ್ದು ಬಿದ್ದು ಓಡಿ ಬಂದ. ಬಂದವನೇ ಅಭ್ಯಾಸದಂತೆ ಚರಂಡಿಗೆ ಇಳಿದು ತಲೆ ತಗ್ಗಿಸಿ ನಿಂತ.

‘ಕೆಂಚಯ್ಯ, ಮಗಳಿಗೆ ಸ್ವಲ್ಪ ಹೇಳೋ’ ಎಂದರು ಧಣಿ, ಎಂದಿನ ಹಾಗೆ ಮೆತ್ತಗೆ.

ಈಗ ಇವನು ಅವಳನ್ನು ಕೈಹಿಡಿದು ಇಳಿಸುತ್ತಾನೆ ಎಂದು ನಾನು ಹಲ್ಲು ಕಚ್ಚಿಕೊಂಡೆ. ಕೆಂಚಯ್ಯ ತಲೆ ಎತ್ತಲಿಲ್ಲ. ನೆಲಕ್ಕೇ ಹೇಳುವವನ ಹಾಗೆ ಹೇಳಿದ:

‘ಧಣಿ, ಅವ್ಳು ನಿಂತಿದ್ಲು. ಓಡಿ ಬಂದು ಗುದ್ದಿದ್ದು ಸಣ್ಣಮ್ಮಾವ್ರು.’

ಸೀಟಿ ಊದಿದವನಿಗೆ ಹೇಳಲು ಆಗದ್ದನ್ನು ಅವನು ಹೇಳಿದ. ಧಣಿ ಪಂಚೆ ಸ್ವಲ್ಪ ಎತ್ತಿಕೊಂಡು, ಪ್ರೇಮಿಯನ್ನು ಬಳಸಿ ಕೆಳಬದಿಗೆ ಇಳಿದರು. ಅವರು ಕಾಲಿಡಬೇಕಾಗಿದ್ದು ಕೆಂಚಯ್ಯ ನಿಂತಿದ್ದ ಜಾಗದಲ್ಲಿ. ಅಷ್ಟು ದೊಡ್ಡ ಮಾತಾಡಿದ ಆ ಮನುಷ್ಯ, ಅವರು ಇಳಿದದ್ದು ಕಂಡು, ಚರಂಡಿಯಿಂದಲೂ ಇನ್ನೊಂದು ಹೆಜ್ಜೆ ಕೆಳಗೆ ಕೆಸರಿಗೆ ಇಳಿದುಬಿಟ್ಟ. ಮಂಡಿಯವರೆಗೆ ಹೂತುಹೋದ.

ಮೈಕಿನಲ್ಲಿ ಮತ್ತೆ ಪ್ರೇಮಿಯ ಹೆಸರು ಕೂಗಿದರು. ಅವಳು ಡಬ್ಬಿ ತರಲು ಹೋಗಲಿಲ್ಲ. ನಿಂತ ಜಾಗದಿಂದಲೇ ಬಗ್ಗಿ, ರಕ್ತ ಸೋರುವ ಕೈಯನ್ನೇ ಅಪ್ಪನಿಗೆ ಚಾಚಿದಳು.

‘ಮೇಲೆ ಬಾ ಅಪ್ಪ’ ಎಂದಳು.